ಮೂಲೆಯಲ್ಲಿ ಹುಗಿದಿಟ್ಟದ್ದು

ಆ ಕೊಟ್ಟಿಗೆಯಲ್ಲಿ ದನ ಕಟ್ಟದೆ ಆರು ವರ್ಷವಾಗಿತ್ತು. ಅದನ್ನು ಕೆಡವಿ, ಹತ್ತಿರದ ನೇವಿ ನೆಲೆಯ ಕೆಲಸಕ್ಕೆ ಬರುವವರಿಗೆ ಬಾಡಿಗೆ ಕೊಡಲು ಎರಡು ಖೋಲಿ ಕಟ್ಟುತ್ತೇನೆಂದು ಹರೀಶ ಹೊರಟಾಗ ಅವನ ತಾಯಿ ದುರ್ಗಿ ಬೇಡವೆನ್ನಲಿಲ್ಲ. ಗೆದ್ದಲು ತಿಂದ ತೊಲೆ, ಕುಸಿದ ಹಂಚು ಯಾರಿಗೆ ಬೇಕು? ಆದರೆ ಪಡುವಣ ಮೂಲೆಯ ಮಣ್ಣಿನಲ್ಲಿ ಅವಳ ಚೊಚ್ಚಲ ಹೆಣ್ಣು ಕೂಸು ಇತ್ತು. ಆ ಮೂಲೆಯೊಂದನ್ನು ಬಿಟ್ಟರೆ ಸಾಕಿತ್ತು ಅವಳಿಗೆ.

ಹುಟ್ಟುವಾಗಲೇ ಸತ್ತ ಕೂಸು. ಮಳೆಗಾಲ, ಹೊರಗೆಲ್ಲ ನೀರು. ಅತ್ತೆ ಅಲ್ಲೇ ಹುಗಿದು ಸೊಸೆಯ ಬಾಯಿಗೆ ಬೀಗ ಹಾಕಿದ್ದಳು: "ಅಳದೇ ಇದ್ದ ಕೂಸಿನ ಸುದ್ದಿ ಆಡೂಕಾಗ. ಆಡಿರೆ ಮುಂದೆ ಹುಟ್ಟಿದ್ದೂ ಉಳೂದಿಲ್ಲ." ಆಮೇಲೆ ಹರೀಶ ಹುಟ್ಟಿದ, ಉಳಿದ, ಮೀಸೆಯೂ ಬಂತು. ದುರ್ಗಿ ಮಾತ್ರ ನಲವತ್ತು ವರ್ಷ ತುಟಿ ಪಿಟಕ್ಕೆನ್ನಲಿಲ್ಲ. ಇಂಥದ್ದನ್ನು ನಂಬುವುದು ಹುಚ್ಚು ಅನ್ನುವವರು ಒಂದು ಕೂಸನ್ನು ಕಳೆದುಕೊಂಡು ಇನ್ನೊಂದನ್ನು ಹೆತ್ತು ನೋಡಲಿ.

ತೋಡೂರಿನ ಆ ಅಂಗಳಕ್ಕೆ ಜೆಸಿಬಿ ಬಂದ ಬೆಳಿಗ್ಗೆ ಅವಳು ಮಗನ ತೋಳು ಹಿಡಿದಳು.

"ಆ ಮೂಲೆ ಒಂದ್ ಬಿಡೋ ತಮಾ."

"ಎಂತಕ್ಕೆ?"

"ಅಲ್ಲಿ ಹುಗ್ದಿಟ್ಟದ್ದು ಅದೆ."

"ಯಾರು ಹುಗ್ದದ್ದು?"

"ನಿನ್ನ ಅಜ್ಜಿ."

ಅಷ್ಟೇ ಸಾಕಾಯಿತು. ಅಜ್ಜಿಯ ಚಿನ್ನದ ಸರ ಎಲ್ಲಿ ಹೋಯಿತೆಂಬುದು ಆ ಮನೆಯ ಹಳೇ ಒಗಟು. ಹರೀಶನ ಮುಖ ಅರಳಿತು. "ಮೊದಲೇ ಹೇಳೂದಲ್ವನೆ ಅವ್ವಿ!" ಎಂದವನೇ ಓಡಿಹೋಗಿ ಆ ಮೂಲೆಯಿಂದಲೇ ಅಗೆಸಲು ಶುರು ಮಾಡಿದ. ದುರ್ಗಿ ಬೇಡ ಬೇಡವೆಂದು ಕೂಗಿದ್ದು ಯಂತ್ರದ ಸದ್ದಿನಲ್ಲಿ ಯಾರಿಗೂ ಕೇಳಲಿಲ್ಲ.

ಬಗೆದ ಮಣ್ಣನ್ನೆಲ್ಲ ಅಂಗಳದಲ್ಲಿ ಸುರುವಿಸಿ ಅವನು ಕೆದಕಿದ. ಚಿನ್ನ ಸಿಗಲಿಲ್ಲ. ಸಿಟ್ಟು ನೆತ್ತಿಗೇರಿ, ಎಲ್ಲವನ್ನೂ ಟಿಪ್ಪರಿಗೆ ಹಾಕಿಸಿ ಶಿರವಾಡದಲ್ಲಿ ಯಾರದೋ ಗದ್ದೆ ತುಂಬಲು ಕಳಿಸಿಬಿಟ್ಟ. ದುರ್ಗಿ ಜಗಲಿಯಲ್ಲಿ ಕುಸಿದು ಕೂತಿದ್ದಳು. ಬಾಯಿ ಬಿಟ್ಟರೆ ಈ ಮಗನಿಗೂ ಏನಾದೀತೋ ಎಂಬ ಹೆದರಿಕೆ ಅವಳಿಗೆ.

ಮಧ್ಯಾಹ್ನ ಉಣ್ಣಲು ಬರುವಾಗ ಹರೀಶ ಅಂಗಳದಲ್ಲಿ ಚೆಲ್ಲಿ ಉಳಿದ ಮಣ್ಣಿನಿಂದ ನಾಲ್ಕು ಕರಿಮಣಿ ಹೆಕ್ಕಿ ತಂದ. "ಇದೇ ನೋಡು ನಿನ್ನ ನಿಧಿ," ಎಂದು ಅವಳ ಮುಂದೆ ಎಸೆದ.

ಅವು ದುರ್ಗಿಯ ಕೊರಳಿನವೇ. ಹುಗಿಯುವ ಮುಂಚೆ ತನ್ನ ಸರದ ಒಂದೆಳೆ ಕಿತ್ತು ಅವಳೇ ಕೂಸಿಗೆ ಕಟ್ಟಿದ್ದಳು. ಇನ್ನು ತಡೆದುಕೊಳ್ಳಲು ಅವಳಿಂದ ಆಗಲಿಲ್ಲ. "ಅದು ನಿನ್ನ ಅಕ್ಕಂದೋ," ಎಂದು ಗೊಳೋ ಎಂದು ಅತ್ತಳು. ಎಲ್ಲವನ್ನೂ ಹೇಳಿದಳು.

ಹರೀಶ ಟಿಪ್ಪರಿನವನಿಗೆ ಫೋನು ಹಚ್ಚಿದ. "ನಮ್ಮನೆ ಮಣ್ಣು ಎಲ್ಲದೆ?"

"ಸುರುವಿ, ಮೇಲಿಂದ ಕಲ್ಲುಪುಡಿ ಹಾಕಿ, ರೋಲರ್ ಹೊಡೆದೂ ಆಯ್ತು. ಎಂತಕ್ಕೆ ಮಾರಾಯಾ, ಚಿನ್ನ ಸಿಕ್ತಾ?"