ಬ್ರಾಕನ್ ಕಣಿವೆಯ ಉಕ್ಕಿನ ಫಲಕ

ಮನೆಯ ಕೆಳಗಿನ ರಸ್ತೆಬದಿಯ ಸ್ಮಾರಕ ಫಲಕಕ್ಕೆ ಮೂರನೆಯ ಸಲವೂ ಗುಂಡು ಬಿದ್ದಾಗ ಆರ್ವಿಲ್ ಟ್ಯಾಕೆಟ್ ಪೊಲೀಸರ ಹತ್ತಿರ ಹೋಗಲಿಲ್ಲ. ಅವರು ಹೇಳುವುದು ಅವನಿಗೆ ಬಾಯಿಪಾಠವಾಗಿತ್ತು. ಜಿಂಕೆ ಬೇಟೆಯ ಕಾಲ, ಹುಡುಗರು ಕುಡಿದಿರುತ್ತಾರೆ, ಕಂಡ ಬೋರ್ಡಿಗೆಲ್ಲ ಹೊಡೆಯುತ್ತಾರೆ. ಅದೂ ಸುಳ್ಳಲ್ಲ. ಆದರೆ ರಸ್ತೆ ತಿರುವಿನ ಬೋರ್ಡಿಗೆ ಗುಂಡು ಎಲ್ಲೆಂದರಲ್ಲಿ ಬಿದ್ದಿರುತ್ತದೆ. ಈ ಫಲಕದಲ್ಲಿ ಮಾತ್ರ ಪ್ರತಿಸಲವೂ ಒಂದೇ ಸಾಲು ಹರಿದುಹೋಗಿರುತ್ತಿತ್ತು: 'ಕಾವಲುಗಾರರ ಮುಖ್ಯಸ್ಥ ಏಮಸ್ ಸ್ಟಿಲ್ಟ್ನರ್‌ನ ಆಜ್ಞೆಯಂತೆ.'

1921ರ ಮುಷ್ಕರದಲ್ಲಿ ಕಲ್ಲಿದ್ದಲು ಕಂಪನಿ ಮನೆ ಬಿಡಿಸಿದ ಗಣಿ ಕೆಲಸಗಾರರು ಹಳ್ಳದ ದಂಡೆಯಲ್ಲಿ ಡೇರೆ ಹಾಕಿಕೊಂಡಿದ್ದರು. ಬೆಳಗಿನ ಜಾವ ಕಂಪನಿಯ ಕಾವಲುಗಾರರು ಆ ಡೇರೆಗಳ ಮೇಲೆ ಗುಂಡಿನ ಮಳೆ ಸುರಿಸಿದರು. ಆರ್ವಿಲ್‌ನ ಅಜ್ಜನ ತಂಗಿ ಹಿಟ್ಟು ನಾದುತ್ತ ಕೂತಲ್ಲೇ ಸತ್ತಳು. ಕಂಪನಿ ಅದನ್ನು ಆಕಸ್ಮಿಕ ಎಂದು ಬರೆಸಿತು. ಯಾರದೋ ಬಂದೂಕು ಕೈಜಾರಿತಂತೆ. ಕೈಜಾರಿದ ಬಂದೂಕಿಗೆ ಒಂಬತ್ತು ಹೆಣ! ಶಾಲೆಯಲ್ಲೂ ಅದನ್ನೇ ಕಲಿಸಿದರು. ಆ ಒಂದು ಮಾತನ್ನು ಅಳಿಸುವುದಕ್ಕೇ ಆರ್ವಿಲ್‌ನ ಅಕ್ಕ ಲೋರೀನ್ ಗಣಿ ಸಂಘದ ಮುದುಕರನ್ನು ಕಟ್ಟಿಕೊಂಡು ವರ್ಷಗಟ್ಟಲೆ ಕಚೇರಿ ಅಲೆದು ಈ ಫಲಕ ತಂದಿದ್ದಳು.

ಆರ್ವಿಲ್ ಗಣಿಯ ವರ್ಕ್‌ಶಾಪಿನಲ್ಲಿ ವೆಲ್ಡರ್. ಹೊಸ ಫಲಕದ ಬೆನ್ನಿಗೆ ಹೆಬ್ಬೆರಳು ಗಾತ್ರದ ದಪ್ಪ ಉಕ್ಕಿನ ಹಲಗೆ ಬೆಸೆದ. ಗುರಿ ಅಭ್ಯಾಸಕ್ಕೆ ಉಕ್ಕಿನ ಹಲಗೆ ಇಡುವವರೆಲ್ಲ ಅದರ ತಲೆಯನ್ನು ಮುಂದಕ್ಕೆ ಬಾಗಿಸಿ ನಿಲ್ಲಿಸುತ್ತಾರೆ. ಆಗ ಸಿಡಿದ ಚೂರು ನೆಲಕ್ಕೆ ಹೋಗುತ್ತದೆ. ಆರ್ವಿಲ್ ಮಟ್ಟಗೋಲು ಹಿಡಿದು, ಕೂದಲೆಳೆಯಷ್ಟೂ ಬಾಗದಂತೆ ಕಂಬ ನೆಟ್ಟ.

"ಮುಂದಕ್ಕೆ ಬಾಗ್ಸೋ ತಮ್ಮಾ," ಎಂದಳು ಲೋರೀನ್.

"ಯಾಕೆ? ಬಂದ ದಾರೀಲೇ ವಾಪಸ್ ಹೋಗ್ಲಿ."

"ಯಾರಾದ್ರೂ ಸಾಯ್ತಾರೆ."

"ಹೊಡೀದೇ ಇದ್ರೆ ಸಾಯಲ್ಲ."

"ನಿನ್ನ ತಲೆಬುರುಡೇನೂ ಅದೇ ಉಕ್ಕಲ್ಲಿ ಮಾಡವ್ರೆ," ಎಂದು ಬೈದು ಅವಳು ಒಳಗೆ ಹೋದಳು.

ಬೇಟೆ ಶುರುವಾದ ವಾರದ ಒಂದು ಮಧ್ಯಾಹ್ನ. ಆರ್ವಿಲ್ ಕೊಟ್ಟಿಗೆಯ ಹಿಂದೆ ಸೌದೆ ಒಡೆಯುತ್ತಿದ್ದ. ಗುಡ್ಡದ ಮೇಲೆಲ್ಲ ಗುಂಡಿನ ಸದ್ದು ಇದ್ದದ್ದೇ. ಆದರೆ ಕೆಳಗೆ ರಸ್ತೆಯಲ್ಲಿ ಕೇಳಿದ್ದು ಬೇರೆ. ಗುಂಡು, ಅದರ ಬೆನ್ನಿಗೇ ಉಕ್ಕು ಘಣ್ಣೆಂದದ್ದು, ಅದರ ಬೆನ್ನಿಗೆ ಗಂಡಸೊಬ್ಬನ ಕೂಗು. ಆರ್ವಿಲ್ ಕೊಡಲಿ ಹಿಡಿದೇ ಓಡಿದ.

ಫಲಕದೆದುರು ಪಿಕಪ್ ನಿಂತಿತ್ತು. ಅದರ ಚಕ್ರಕ್ಕೊರಗಿ ಗಾರ್ಲಂಡ್ ಸ್ಟಿಲ್ಟ್ನರ್ ಬಿದ್ದಿದ್ದ, ಏಮಸ್‌ನ ಮೊಮ್ಮಗ. ಹೊಡೆದ ಬಂದೂಕು ಅವನ ಮಗ್ಗುಲಲ್ಲೇ ಬಿದ್ದಿತ್ತು. ಕುತ್ತಿಗೆಯ ಪಕ್ಕದಿಂದ ರಕ್ತ ಒಡೆದ ನಲ್ಲಿಯ ಹಾಗೆ ಚಿಮ್ಮುತ್ತಿತ್ತು. ಅವನ ಹೆಂಡತಿಯ ತಮ್ಮ ಡಾಯ್ಲ್ ತನ್ನ ಬಂದೂಕು ಹಿಡಿದು, ಬಾಯಿ ತೆರೆದು, ಮರದ ಹಾಗೆ ನಿಂತಿದ್ದ.

ಒಂದು ಗಳಿಗೆ ಆರ್ವಿಲ್‌ಗೆ ಆದದ್ದು ಸಂತೋಷವೇ. ಎದೆ ತುಂಬ ಸಂತೋಷ. ಆಮೇಲೆ ಗಾರ್ಲಂಡ್‌ನ ಕಣ್ಣು ಮೇಲಕ್ಕೆ ಹೊರಳಿತು. ಆರ್ವಿಲ್ ಕೊಡಲಿ ಎಸೆದು, ಮೊಣಕಾಲೂರಿ, ಆ ತೂತಿನೊಳಗೆ ಎರಡು ಬೆರಳು ತುರುಕಿ ಒತ್ತಿದ. ಒಳಗೆ ರಕ್ತನಾಳ ಹಾವಿನಂತೆ ಜಾರುತ್ತಿತ್ತು. ಅದನ್ನು ಎಲುಬಿಗೆ ಅದುಮಿ ಹಿಡಿದ. ಚಿಮ್ಮುವುದು ನಿಂತಿತು.

ಡಾಯ್ಲ್ ಬಂದೂಕಿನ ತುದಿಯನ್ನು ಆರ್ವಿಲ್‌ನ ಕಿವಿಗೆ ಒತ್ತಿದ. "ಕೈ ತೆಗಿ ಅವನ ಮೇಲಿಂದ! ನೀನೇ ಕೊಂದಿದ್ದು!"

"ಹೊಡಿ. ನನ್ನ ಬೆರಳು ಜಾರಿದ್ರೆ ನಿನ್ನ ಭಾವನೂ ಹೋದ. ಒಂದೇ ಗುಂಡಿಗೆ ಇಬ್ರು, ಲಾಭ ನಿಂಗೆ."

"ನಿನ್ನಜ್ಜಿ..."

"ನನ್ನಜ್ಜೀನ ಆಮೇಲೆ ಬೈಯಪ್ಪ. ಮೊದ್ಲು ಗಾಡಿ ಬಾಗ್ಲು ತೆಗಿ, ಕತ್ತೆ!"

ಇಬ್ಬರೂ ಸೇರಿ ಗಾರ್ಲಂಡ್‌ನನ್ನು ಪಿಕಪ್ಪಿನ ಹಿಂದಕ್ಕೆ ಎತ್ತಿಹಾಕಿದರು. ಬೆರಳು ಬಿಡದೆ ಆರ್ವಿಲ್ ಅವನ ಮೇಲೇ ಮಲಗಿದ. ಕಣಿವೆಯಲ್ಲಿ ಮೊಬೈಲು ಹತ್ತುವುದಿಲ್ಲ. ಜಗುಲಿಯಲ್ಲಿ ನಿಂತಿದ್ದ ಲೋರೀನ್ ಮನೆಯ ಫೋನಿಗೆ ಓಡಿದ್ದು ಅವನಿಗೆ ಕಂಡಿತು. ಡಾಯ್ಲ್ ಹುಚ್ಚನಂತೆ ಗಾಡಿ ಓಡಿಸಿದ. ರಸ್ತೆಯ ಪ್ರತಿ ಹೊಂಡಕ್ಕೂ ಇಬ್ಬರ ತಲೆಯೂ ತಗಡಿಗೆ ಬಡಿಯುತ್ತಿತ್ತು.

ಗಾರ್ಲಂಡ್‌ಗೆ ನಡುದಾರಿಯಲ್ಲಿ ಎಚ್ಚರವಾಯಿತು. ಮೇಲಿರುವವನು ಯಾರೆಂದು ನೋಡಿದ. ಮುಷ್ಟಿ ಬಿಗಿದು ಆರ್ವಿಲ್‌ನ ಮುಖಕ್ಕೆ ಗುದ್ದಿದ. ಮೂಗು ಒಡೆಯಿತು.

"ಬೇಕಂತ್ಲೇ... ನೀನು ನೆಟ್ಟಗೆ ನಿಲ್ಸಿದ್ದೆ."

"ಹೌದು. ಅಲ್ಲಾಡ್ಬೇಡ."

"ನಮ್ಮಜ್ಜ... ಹೇಳಿದ್ದು ಮಾಡ್ದ ಅಷ್ಟೆ." ಮತ್ತೆ ಗುದ್ದಿದ.

"ಹೊಡ್ಕೋ. ಶಕ್ತಿ ಇರೋವರ್ಗೂ ಹೊಡ್ಕೋ. ನಿದ್ದೆ ಮಾತ್ರ ಮಾಡ್ಬೇಡ, ಸೂಳೆಮಗನೆ!"

ಹಳ್ಳದ ಸೇತುವೆಯ ಹತ್ತಿರ ಆಂಬುಲೆನ್ಸ್ ಸಿಕ್ಕಿತು. ಆರ್ವಿಲ್‌ನ ಬೆರಳುಗಳು ಸೆಟೆದುಹೋಗಿದ್ದವು. ಆಂಬುಲೆನ್ಸಿನವರೇ ಒಂದೊಂದಾಗಿ ಬಿಡಿಸಿ, ರಕ್ತನಾಳಕ್ಕೆ ಚಿಮಟ ಹಾಕಿ, ಗಾರ್ಲಂಡ್‌ನನ್ನು ಒಯ್ದರು. ಬದುಕುತ್ತಾನೆ ಎಂದು ಅದರಲ್ಲಿದ್ದ ಹೆಂಗಸು ಹೇಳಿದಳು. ಜೊತೆಗೆ ಬಂದಿದ್ದ ಪೊಲೀಸಿನವನು ಕೇಳಿದ, "ಹೇಗಾಯ್ತು?"

ಡಾಯ್ಲ್ ತಟ್ಟನೆ ಹೇಳಿದ, "ಬೇಟೆಗೆ ಹೋಗಿದ್ವಿ ಸಾರ್. ಬಂದೂಕು ಕೈಜಾರ್ತು. ಆಕಸ್ಮಿಕ."

ಅಷ್ಟರಲ್ಲಾಗಲೇ ಲೋರೀನ್‌ಳ ಕಾರು ಬಂದು ನಿಂತಿತ್ತು. ಅವಳಿಗೂ ಆ ಮಾತು ಕೇಳಿಸಿತು. ತಮ್ಮನ ಮುಖ ನೋಡಿದಳು. ಅವನ ದವಡೆ ಬಿಗಿದದ್ದು ಕಂಡಿತು.

"ಬಾಯ್ಮುಚ್ಕೊಂಡಿರೋ," ಎಂದು ಹಲ್ಲುಕಚ್ಚಿ ಹೇಳಿದಳು. "ಫಲಕ ಉಳೀಲಿ ಕಣೋ. ನಿಂಗೆ ಕೈ ಮುಗೀತೀನಿ."

ಆರ್ವಿಲ್ ಅವಳ ಕಡೆ ನೋಡಲೇ ಇಲ್ಲ. "ಆಕಸ್ಮಿಕ ಅಲ್ಲ," ಎಂದ. "ಅವನು ಫಲಕಕ್ಕೆ ಹೊಡ್ದ. ಹೊಡೆದೋನಿಗೇ ತಿರುಗಿ ಬಡೀಲಿ ಅಂತ ನಾನು ಅದನ್ನ ನೆಟ್ಟಗೆ ನಿಲ್ಸಿದ್ದೆ."

ಡಾಯ್ಲ್ ಬಂದೂಕಿನ ಹಿಂಬದಿಯಿಂದ ಅವನ ಬಾಯಿಗೆ ಬಾರಿಸಿದ. ಆರ್ವಿಲ್ ಬಿದ್ದ, ಎದ್ದ, ಹಲ್ಲು ಉಗಿದ. ಪೊಲೀಸಿನವನು ಡಾಯ್ಲ್‌ನನ್ನು ಕಾರಿನ ಮೇಲೆ ಕೆಡವಿ ಬಂದೂಕು ಕಿತ್ತುಕೊಂಡ.

"ಏನು ಹೇಳ್ತಿದೀಯ ಗೊತ್ತೇನಯ್ಯಾ? ನೀನು ಜೈಲಿಗೆ ಹೋಗ್ತೀಯ. ಫಲಕಾನೂ ಕಿತ್ಹಾಕ್ತಾರೆ."

"ಕೀಳ್ಲಿ. ಆಕಸ್ಮಿಕ ಅಂತ ಮಾತ್ರ ಬರೀಬೇಡ."

ಪೊಲೀಸಿನವನು ಲೋರೀನ್ ಕಡೆ ತಿರುಗಿದ. "ಏನಮ್ಮಾ, ನಿಮ್ಮ ತಮ್ಮಂಗೆ ತಲೆ ಸರಿ ಇದ್ಯಾ?"

ಅವಳು ತಮ್ಮನ ಕೈ ನೋಡಿದಳು. ಮೊಣಕೈವರೆಗೂ ಸ್ಟಿಲ್ಟ್ನರ್‌ನ ರಕ್ತ ಒಣಗಿತ್ತು.

"ಸರಿಯಾಗೇ ಇದೆ," ಎಂದಳು. "ಬಾಗ್ಸು ಅಂತ ನಾನು ಹೇಳ್ದೆ. ಅವನು ಬೇಕಂತ್ಲೇ ಬಾಗಿಸ್ಲಿಲ್ಲ. ಬರ್ಕೊಳಿ."