ಹಗೇವಿನೊಳಗಿನ ಎಣ್ಣೆ

ದಾವಣಗೆರೆ ಪಕ್ಕದ ಹದಡಿಯ ಗುತ್ತೆಪ್ಪನಿಗೆ ಯಾರು ಏನು ಹೇಳಿದರೂ ಸರಿ ಎನಿಸುತ್ತಿತ್ತು. ಅದೊಂದು ರೋಗ. ಇಬ್ಬರು ಎರಡು ಥರ ಹೇಳಿದರೆ ಎರಡೂ ಸರಿ ಎನಿಸಿ, ಮೂರನೆಯವನನ್ನು ಕೇಳಲು ಹೊರಡುತ್ತಿದ್ದ. ಇಂಥವನಿಗೆ ದೇವರು ಒಂದು ಜೊತೆ ಎತ್ತು, ಒಂದಿಷ್ಟು ಹೊಲ ಕೊಟ್ಟು ಸುಮ್ಮನಿರಬಹುದಿತ್ತು. ಸುಮ್ಮನಿರದೆ ಒಂದು ಎಂಜಿನ್ನನ್ನೂ ಕೊಟ್ಟ.

ಎಂಜಿನ್ ಎಂದರೆ ಹಿಟ್ಟಿನ ಗಿರಣಿಯ ಎಂಜಿನ್, ಸೀಮೆಎಣ್ಣೆ ಕುಡಿದು ಓಡುವಂಥದ್ದು. ಹರಿಹರದಲ್ಲಿ ಯಾರೋ ಮಾರುತ್ತಿದ್ದುದನ್ನು ಗಾಡಿಯಲ್ಲಿ ತಂದು ಮನೆ ಪಕ್ಕದ ಚಪ್ಪರದಡಿ ಕೂರಿಸಿದ್ದ. ಅದರ ಸದ್ದು ಕೇಳಿದರೆ ಸಾಕು, ಸುತ್ತಲಿನ ಹೆಂಗಸರು ಜೋಳದ ಬುಟ್ಟಿ ಹೊತ್ತು ಬರುತ್ತಿದ್ದರು. ಗುತ್ತೆಪ್ಪನ ಹೆಂಡತಿ ದ್ಯಾಮವ್ವ ತನ್ನ ಬೀಸುವ ಕಲ್ಲನ್ನು ಹಿತ್ತಲಿಗೆ ಉರುಳಿಸಿ, ಅದರ ಮೇಲೆ ಕೋಳಿಗಳಿಗೆ ಕಾಳು ಹಾಕುತ್ತಿದ್ದಳು. ಆ ಕಲ್ಲಿನ ಮೇಲೆ ಅವಳಿಗೆ ಅಷ್ಟು ಸಿಟ್ಟಿತ್ತು.

ಐವತ್ತಾರನೆಯ ಇಸವಿಯ ಕೊನೆಗೆ ಎರಡು ಸುದ್ದಿ ಒಟ್ಟಿಗೆ ಬಂದವು. ಊರಿನವರು ಸಾಕಷ್ಟು ಜನ ರುಜು ಹಾಕಿದರೆ ಹದಡಿಗೆ ಕರೆಂಟು ತರುತ್ತೇವೆ ಎಂದು ದಾವಣಗೆರೆಯ ಕರೆಂಟಾಫೀಸಿನವರು ಹೇಳಿದರು. "ಮೊದ್ಲು ಗಿರಣಿಯವನು ನೀನು ಹಾಕಪ್ಪ, ನಿನ್ನ ಹಿಂದೆ ಊರು ಬರ್ತದೆ" ಎಂದು ಅಲ್ಲಿಯ ಗುಮಾಸ್ತ ಗುತ್ತೆಪ್ಪನ ಮುಂದೆ ಕಾಗದ ಇಟ್ಟ. ಗುತ್ತೆಪ್ಪ ಕಾಗದವನ್ನು ನೋಡಿ, ಗುಮಾಸ್ತನನ್ನು ನೋಡಿ, ಯೋಚನೆ ಮಾಡಿ ಹೇಳುತ್ತೇನೆಂದು ಎದ್ದು ಬಂದ. ಇನ್ನೊಂದು ಸುದ್ದಿ ಅದೇ ದಾವಣಗೆರೆಯ ಮಂಡಿಪೇಟೆಯಲ್ಲಿ ಕಾದಿತ್ತು.

ಅವನಿಗೆ ವಾಡಿಕೆಯಾಗಿ ಎಣ್ಣೆ ಕೊಡುತ್ತಿದ್ದ ರಾಮಚಂದ್ರಪ್ಪ ಅಂಗಡಿಯಲ್ಲಿ ಸುಮ್ಮನೆ ನೊಣ ಹೊಡೆಯುತ್ತ ಕೂತಿದ್ದ.

"ಎಣ್ಣೆ ಇಲ್ಲಪ್ಪ. ಬಂದ್ರೂ ಹಳೇ ರೇಟಿಗೆ ಸಿಗಾದಿಲ್ಲ. ಈಜಿಪ್ಟಿನಾಗೆ ಲಡಾಯಿ ಹತ್ತೈತೆ. ಸೂಯೆಜ್ ಕಾಲುವೆ ಮುಚ್ಚ್ಯಾರೆ. ಹಡಗು ಬರ್ತಿಲ್ಲ."

"ಕಾಲುವೆನಾಗೆ ಹಡಗು ಹೆಂಗೆ ಬರ್ತೈತ್ರಿ?" ಎಂದ ಗುತ್ತೆಪ್ಪ. ಅವನು ಕಂಡಿದ್ದ ದೊಡ್ಡ ಕಾಲುವೆಯೆಂದರೆ ಭದ್ರಾ ನಾಲೆಗೆಂದು ತೋಡುತ್ತಿದ್ದ ಮಣ್ಣಿನ ಗುಂಡಿ.

"ಅದು ಬ್ಯಾರೆ ಥರದ್ದು."

"ಜಗಳ ಯಾರ್ಯಾರಿಗ್ರಿ?"

ರಾಮಚಂದ್ರಪ್ಪ ಒಂದಷ್ಟು ದೇಶಗಳ ಹೆಸರು ಹೇಳತೊಡಗಿ, ಯಾರು ಯಾರ ಕಡೆ ಎಂಬಲ್ಲಿ ತಾನೇ ತಪ್ಪಿಹೋಗಿ, "ಎಲ್ಲಾರಿಗೂ ಅಂತ ಇಟ್ಕಾ" ಎಂದು ಮುಗಿಸಿದ.

ಪಕ್ಕದ ಹೋಟೆಲಿನಲ್ಲಿ ರೇಡಿಯೋ ಇತ್ತು. ಗುತ್ತೆಪ್ಪ ಮಂಡಕ್ಕಿ, ಮೆಣಸಿನಕಾಯಿ ಬಜ್ಜಿ ತರಿಸಿಕೊಂಡು ಅಲ್ಲಿ ಕೂತ. ರೇಡಿಯೋ ಹೇಳಿದ್ದು ಅವನಿಗೆ ತಿಳಿಯಲಿಲ್ಲ. ರೇಡಿಯೋ ನಿಂತ ಮೇಲೆ ಜನ ಹೇಳಿದ್ದು ಚೆನ್ನಾಗಿ ತಿಳಿಯಿತು, ಅಲ್ಲೇ ಕಷ್ಟ ಶುರುವಾಯಿತು. ಎಂಜಿನ್ ಇವತ್ತೇ ಮಾರಿಬಿಡು ಎಂದ ಒಬ್ಬ. ಎಣ್ಣೆಯಿಲ್ಲದ ಎಂಜಿನ್ ಯಾವ ಬೆಪ್ಪ ಕೊಳ್ಳುತ್ತಾನೆ ಎಂದ ಮತ್ತೊಬ್ಬ. ಜೋಗದ ಕರೆಂಟು ಹಾಕಿಸು, ಆ ನೀರಿಗೆ ಯಾವ ದೇಶದವನೂ ಅಡ್ಡ ಬರುವುದಿಲ್ಲ ಎಂದು ಹತ್ತಿ ಮಂಡಿಯ ಮುದುಕನೊಬ್ಬ ಹೇಳಿದ. ಹೌದಲ್ಲ, ಎನಿಸಿತು ಗುತ್ತೆಪ್ಪನಿಗೆ. ಅಷ್ಟರಲ್ಲಿ ಮೂಲೆಯಿಂದ ಯಾರೋ, ತಂತಿ ಮೋಟಾರು ಬರುವುದೂ ಅದೇ ಹಡಗಿನಲ್ಲಿ ಎಂದ. ಅದೂ ಹೌದಲ್ಲ! ಹೊಂಗೆ ಎಣ್ಣೆ ಹಾಕಿ ಓಡಿಸು ಎಂದವನೂ ಇದ್ದ. ಗುತ್ತೆಪ್ಪ ಮೆಣಸಿನಕಾಯಿ ಮುಗಿಸುವ ಹೊತ್ತಿಗೆ ತಲೆ ಗಿರ್ರೆನ್ನುತ್ತಿತ್ತು.

ಒಂದು ಮಾತ್ರ ಅವನಿಗೆ ಯಾರೂ ಹೇಳಿಕೊಡಬೇಕಿರಲಿಲ್ಲ. ಹಿಂದಿನ ಮಹಾಯುದ್ಧದಲ್ಲಿ ಸೀಮೆಎಣ್ಣೆಗೆ ಸಾಲು ನಿಂತು ಖಾಲಿ ಬಾಟಲಿ ಹಿಡಿದು ಮನೆಗೆ ಬಂದದ್ದು ಅವನಿಗೆ ನೆನಪಿತ್ತು. ಆಗ ಬೆಳಕಿದ್ದದ್ದು ಮೊದಲೇ ಕೂಡಿಟ್ಟವರ ಮನೆಯಲ್ಲಿ ಮಾತ್ರ. ಹಾಗಾಗಿ ಮರುದಿನವೇ ಗಾಡಿ ಕಟ್ಟಿಕೊಂಡು ಹರಿಹರಕ್ಕೆ ಹೋದ. ಅಲ್ಲಿ ಎಣ್ಣೆ ವ್ಯಾಪಾರದ ಬುಡನ್ ಸಾಬ್ ಹಿತ್ತಲ ಬಾಗಿಲು ತೆರೆದು, "ಇವತ್ತು ಒಯ್ದ್ರೆ ಉಂಟು ಗೌಡ್ರೇ, ನಾಳೆ ಬಂದು ನನ್ನ ಕೇಳಬ್ಯಾಡ್ರಿ" ಎಂದ. ಇದ್ದಷ್ಟು ಡಬ್ಬಗಳನ್ನು ಗುತ್ತೆಪ್ಪ ಗಾಡಿಗೇರಿಸಿ, ಮೇಲೆ ಹತ್ತಿಕಾಳಿನ ಚೀಲ ಮುಚ್ಚಿ, ದಾವಣಗೆರೆಯ ದಾರಿಯುದ್ದಕ್ಕೂ ಹಿಂದೆ ಮುಂದೆ ನೋಡುತ್ತ ಊರಿಗೆ ಬಂದ. ಕಾಳಸಂತೆಯವರನ್ನು ಪೊಲೀಸರು ಹಿಡಿಯುತ್ತಾರೆ ಎಂದು ಅದೇ ಹೋಟೆಲಿನಲ್ಲಿ ಕೇಳಿದ್ದ.

ಡಬ್ಬಗಳನ್ನು ಎಲ್ಲಿಡುವುದು? ಇಲ್ಲಿ ಮಾತ್ರ ಅವನಿಗೆ ಗೊಂದಲವೇ ಆಗಲಿಲ್ಲ. ಬೇರೆ ಸೀಮೆಯವರಾಗಿದ್ದರೆ ಅಟ್ಟ ಹುಡುಕುತ್ತಿದ್ದರು, ಕೊಟ್ಟಿಗೆ ಹುಡುಕುತ್ತಿದ್ದರು. ನಮ್ಮ ಜನಕ್ಕೆ ಬರ ಬರಲಿ, ಕಳ್ಳ ಬರಲಿ, ಸರ್ಕಾರ ಬರಲಿ, ತಿಳಿದ ಉಪಾಯ ಒಂದೇ. ಹಗೇವು. ಮನೆ ಮುಂದಿನ ಅಂಗಳದಲ್ಲಿ ನೆಲದೊಳಗೆ ತೋಡಿದ ಕಣಜ ಅದು. ಬಾಯಿ ಒಬ್ಬ ಮನುಷ್ಯ ಇಳಿಯುವಷ್ಟು, ಹೊಟ್ಟೆ ಒಂದು ಕೋಣೆಯಷ್ಟು. ಒಳಗೆ ಸುತ್ತ ಹುಲ್ಲು ಹಾಸಿ, ಜೋಳ ತುಂಬಿ, ಚಪ್ಪಡಿ ಮುಚ್ಚಿ ಮಣ್ಣು ಮೆತ್ತಿದರೆ ವರ್ಷಗಟ್ಟಲೆ ಕಾಳು ಕೆಡುವುದಿಲ್ಲ. ಆ ವರ್ಷ ಗುತ್ತೆಪ್ಪನ ಹಗೇವು ಖಾಲಿಯಾಗಿತ್ತು, ತಳದ ಹುಲ್ಲು ಮತ್ತು ಒಂದಿಷ್ಟು ಮುಗ್ಗಲು ಕಾಳು ಮಾತ್ರ ಉಳಿದಿದ್ದವು. ದ್ಯಾಮವ್ವ ದಾವಣಗೆರೆಗೆ ದುರ್ಗಮ್ಮನ ಗುಡಿಗೆ ಹೋದ ದಿನ ನೋಡಿ, ಅವನೊಬ್ಬನೇ ಡಬ್ಬಗಳನ್ನು ಹಗ್ಗಕ್ಕೆ ಕಟ್ಟಿ ಒಳಗೆ ಬಿಟ್ಟ. ಒಂದೆರಡು ಡಬ್ಬ ಗೋಡೆಗೆ ತಾಗಿದ ಸದ್ದೂ ಕೇಳಿತು. ತಲೆ ಕೆಡಿಸಿಕೊಳ್ಳದೆ ಚಪ್ಪಡಿ ಮುಚ್ಚಿ, ಮೇಲೆ ಸಗಣಿ ಸಾರಿಸಿದ.

"ಅಂಗಳ ಯಾಕ ಸಾರಿಸೀರಿ?" ಎಂದಳು ಸಂಜೆ ಬಂದ ಹೆಂಡತಿ. ಮದುವೆಯಾದಾಗಿನಿಂದ ಅವನು ಸಗಣಿ ಮುಟ್ಟಿದ್ದನ್ನು ಅವಳು ಕಂಡಿರಲಿಲ್ಲ.

"ಇಲಿ ಬಿಲ ಮಾಡಿದ್ವು."

ಆಮೇಲೆ ಆದದ್ದು ನೋಡಿ. ಅಂಗಡಿಗಳಲ್ಲಿ ಎಣ್ಣೆ ಸಿಗದಾಯಿತು, ಸಿಕ್ಕರೂ ಮುಟ್ಟುವ ಹಾಗಿರಲಿಲ್ಲ. ಸುತ್ತಲಿನ ಗಿರಣಿಗಳು ಒಂದೊಂದಾಗಿ ನಿಂತವು. ಇನ್ನು ಗುತ್ತೆಪ್ಪನ ಎಂಜಿನ್ ಒಂದೇ ಓಡಿದರೆ ಎಣ್ಣೆ ಎಲ್ಲಿಂದ ಬಂತು ಎಂದು ಜನ ಕೇಳುವುದಿಲ್ಲವೇ? ಎಂಜಿನ್ ನಿಲ್ಲಬಾರದೆಂದು ಎಣ್ಣೆ ತಂದವನು ಎಣ್ಣೆ ಇದೆ ಎಂದು ತಿಳಿಯಬಾರದೆಂದು ಎಂಜಿನ್ ನಿಲ್ಲಿಸಿದ. ಇದರಲ್ಲಿ ಎಲ್ಲೋ ಏನೋ ತಪ್ಪಿದೆ ಎಂದು ಅವನಿಗೂ ಹೊಳೆಯುತ್ತಿತ್ತು, ಎಲ್ಲಿ ಎಂದು ಮಾತ್ರ ಹೊಳೆಯುತ್ತಿರಲಿಲ್ಲ.

ದ್ಯಾಮವ್ವ ಕೋಳಿಗಳನ್ನು ಓಡಿಸಿ ಬೀಸುವ ಕಲ್ಲನ್ನು ಮತ್ತೆ ಒಳಗೆ ತಂದಳು. ಬೆಳಗಿನ ಜಾವಕ್ಕೆ ಎದ್ದು ಬೀಸುವಾಗ ಹಾಡು ಹೇಳುವುದು ಪದ್ಧತಿ, ಅವಳು ಹಾಡಲಿಲ್ಲ, ಗಂಡನನ್ನೂ ಎಂಜಿನ್ನನ್ನೂ ಬೈದಳು. ಒಂದು ದಿನ ರೊಟ್ಟಿ ಬಡಿಸುವಾಗ ಅವಳ ಅಂಗೈಯ ಗುಳ್ಳೆ ಒಡೆದಿದ್ದು ಗುತ್ತೆಪ್ಪನ ಕಣ್ಣಿಗೆ ಬಿತ್ತು. ಮುರಿದ ತುತ್ತನ್ನು ತಟ್ಟೆಯಲ್ಲೇ ಇಟ್ಟ. ನಾಚಿಕೆಯಾಯಿತು, ಸಂಕಟವಾಯಿತು.

"ಎಣ್ಣೆ ಐತೆ" ಎಂದ.

"ಎಲ್ಲೈತೆ?"

"ಹಗೇವಿನಾಗೆ."

ದ್ಯಾಮವ್ವ ರೊಟ್ಟಿ ಕೈಯಲ್ಲಿ ಹಿಡಿದೇ ಅವನನ್ನು ನೋಡಿದಳು. "ಅನ್ನ ಇಡೋ ಜಾಗದಾಗೆ ಸೀಮೆಎಣ್ಣೆ ಇಟ್ಟೀರಾ?" ಎಂದಳು. ಆಮೇಲೆ ಎರಡು ದಿನ ಅವನೊಡನೆ ಮಾತಾಡಲಿಲ್ಲ.

ಡಬ್ಬಗಳನ್ನು ಕೆಳಗೆ ಬಿಡಲು ಹಗ್ಗ ಸಾಕಿತ್ತು, ಮೇಲೆ ತರಲು ಒಬ್ಬರು ಇಳಿಯಲೇಬೇಕು. ಊರಿನಲ್ಲಿ ಹಗೇವಿಗೆ ಇಳಿಯುವವನು ಮಾಳಿಂಗಪ್ಪ. ಅವನನ್ನು ಕರೆದರೆ ಊರಿಗೇ ಡಂಗುರ. ಆದ್ದರಿಂದ ದ್ಯಾಮವ್ವನ ತಮ್ಮ ಮೈಲಪ್ಪನಿಗೆ ಹೇಳಿಕಳಿಸಿದರು. ದಾವಣಗೆರೆಯ ಹತ್ತಿ ಮಿಲ್ಲಿನ ಕೆಲಸಗಾರ, ಹೊಸದಾಗಿ ಮದುವೆಯಾದವನು, ತೆಳ್ಳಗಿನ ಆಳು. ರಜೆಯ ದಿನ ನಗುನಗುತ್ತ ಬಂದ. ತಾಯಿಯಿಲ್ಲದ ಆ ತಮ್ಮನನ್ನು ದ್ಯಾಮವ್ವನೇ ಎತ್ತಿ ಬೆಳೆಸಿದ್ದಳು.

ಮಧ್ಯಾಹ್ನ ಓಣಿಯವರೆಲ್ಲ ಹೊಲದಲ್ಲಿದ್ದಾಗ ಭಾವ ಮೈದುನ ಸೇರಿ ಚಪ್ಪಡಿ ಸರಿಸಿದರು. ಒಳಗಿಂದ ಎಣ್ಣೆಯ ವಾಸನೆ ಮುಖಕ್ಕೆ ಹೊಡೆಯಿತು. ಹಗೇವು ತೆಗೆದರೆ ಒಂದು ದಿನ ಬಾಯಿ ತೆರೆದು ಬಿಡಬೇಕು, ಗಾಳಿ ಆಡಬೇಕು. ಆದರೆ ಈ ವಾಸನೆಯಲ್ಲಿ ಒಂದು ಗಳಿಗೆ ಬಿಟ್ಟರೂ ಓಣಿಗೆಲ್ಲ ಗೊತ್ತಾಗುತ್ತದೆ. ಗುತ್ತೆಪ್ಪ ಅವಸರ ಮಾಡಿದ. ಮೈಲಪ್ಪನ ಸೊಂಟಕ್ಕೆ ಹಗ್ಗ ಸುತ್ತಿ, ಜಾರಬಾರದೆಂದು ತನ್ನೆಲ್ಲ ಬಲ ಹಾಕಿ ಗಂಟು ಬಿಗಿದ.

"ಉಸಿರಾಡಾಕಾದ್ರೂ ಬಿಡು ಭಾವ" ಎಂದು ಮೈಲಪ್ಪ ನಕ್ಕ.

ಅಷ್ಟರಲ್ಲಿ ದ್ಯಾಮವ್ವ ಪುಟ್ಟ ಬುಟ್ಟಿಯಲ್ಲಿ ಹಣತೆ ಹಚ್ಚಿಕೊಂಡು ಒಳಗಿಂದ ಬಂದಳು. ಹಗೇವಿಗೆ ಮನುಷ್ಯ ಇಳಿಯುವ ಮೊದಲು ದೀಪ ಇಳಿಯಬೇಕು. ದೀಪ ಉರಿದರೆ ಇಳಿಯಬಹುದು, ಆರಿದರೆ ಒಳಗೆ ಕೆಟ್ಟ ಗಾಳಿ ಇದೆ ಎಂದರ್ಥ. ದೀಪ ಬಿಡದೆ ಇಳಿದು ಹೆಣವಾಗಿ ಮೇಲೆ ಬಂದವರ ಕಥೆ ಆ ಸೀಮೆಯ ಪ್ರತಿ ಊರಲ್ಲೂ ಇದೆ.

"ಏ, ದೀಪ ಬ್ಯಾಡ!" ಗುತ್ತೆಪ್ಪ ಅಡ್ಡ ನಿಂತ. "ಒಳಗೆ ಎಣ್ಣೆ ಐತೆ, ಬೆಂಕಿ ಹತ್ತುತ್ತೆ."

"ಡಬ್ಬದ ಬಾಯಿ ಮುಚ್ಚಿಲ್ಲೇನು? ದೀಪ ಬಿಡದೆ ನನ್ನ ತಮ್ಮನ್ನ ಇಳಿಸ್ತೀರಾ?"

"ದೀಪ ಬಿಟ್ರೆ ಮನೀನೇ ಹೋಗ್ತೈತೆ."

"ಬಿಡದಿದ್ರೆ ಇವನು ಹೋಗ್ತಾನೆ!"

ಗುತ್ತೆಪ್ಪ ಹಣತೆಯನ್ನು ನೋಡಿದ, ಹಗೇವನ್ನು ನೋಡಿದ. ತಾನು ಹೇಳಿದ್ದು ಸರಿ. ಅವಳು ಹೇಳಿದ್ದೂ ಸರಿ. ಕೇಳಲು ಮೂರನೆಯವನೆಂದರೆ ಅಲ್ಲಿದ್ದವನು ಮೈಲಪ್ಪ ಒಬ್ಬನೇ, ಅವನು ಸೊಂಟಕ್ಕೆ ಹಗ್ಗ ಕಟ್ಟಿಸಿಕೊಂಡು ಹಗೇವಿನ ಬಾಯಿಗೆ ಕಾಲು ಇಳಿಬಿಟ್ಟು ಕೂತಿದ್ದ. "ನೀವಿಬ್ರೂ ಜಗಳಾಡ್ತಾ ಇರ್ರಿ. ನಾನು ಉಸಿರು ಹಿಡಕೊಂಡು ಇಳಿದು ಎರಡು ಡಬ್ಬ ಕಟ್ಟಿ ಬರ್ತೀನಿ" ಎಂದು ಅವನು ಅಂಚಿಗೆ ಕೈಯೂರಿದ.

"ತಡಿಯೋ!" ದ್ಯಾಮವ್ವ ಅವನ ಜುಟ್ಟು ಹಿಡಿದೇ ನಿಲ್ಲಿಸಿದಳು. ಹಣತೆಯನ್ನು ದೂರ ಕಟ್ಟೆಯ ಮೇಲಿಟ್ಟಳು. ಹಿತ್ತಲಿಗೆ ಹೋಗಿ, ದಿನಾ ಮೊಟ್ಟೆ ಇಡುವ ತನ್ನ ಕೆಂಪು ಕೋಳಿಯನ್ನು ಹಿಡಿದು ತಂದಳು. ಅದನ್ನು ಬುಟ್ಟಿಗೆ ಹಾಕಿ, ಕಾಲು ಕಟ್ಟಿ, ಬೇರೆ ಹಗ್ಗದಲ್ಲಿ ತಾನೇ ಒಳಗೆ ಬಿಟ್ಟಳು.

ಕೋಳಿ ಕೊಕ್ಕೊಕ್ ಎನ್ನುತ್ತ ಇಳಿಯಿತು. ಬುಟ್ಟಿ ತಳ ಮುಟ್ಟಿದ್ದು ಹಗ್ಗದಲ್ಲಿ ತಿಳಿಯಿತು. ಅದರ ಕೂಗು ಇನ್ನಷ್ಟು ಹೊತ್ತು ಕೇಳಿತು, ಆಮೇಲೆ ರೆಕ್ಕೆ ಬಡಿದ ಸದ್ದು, ಆಮೇಲೆ ಏನೂ ಇಲ್ಲ. ಮೂವರೂ ಬಗ್ಗಿ ಕಿವಿಗೊಟ್ಟರು. "ಮೇಲಕ್ಕೆ ಎಳಿ" ಎಂದ ಗುತ್ತೆಪ್ಪ.

ಬುಟ್ಟಿಯಲ್ಲಿ ಕೋಳಿ ಕತ್ತು ಚೆಲ್ಲಿ ಸತ್ತಿತ್ತು.

ಬುಟ್ಟಿಯ ತಳಕ್ಕೆ ಒಂದು ಹಿಡಿ ಹುಲ್ಲು ಸಿಕ್ಕಿಕೊಂಡು ಬಂದಿತ್ತು, ಅದರಿಂದ ಎಣ್ಣೆ ತೊಟ್ಟಿಕ್ಕುತ್ತಿತ್ತು. ಯಾವುದೋ ಡಬ್ಬ ಒಡೆದು ತಳವೆಲ್ಲ ನೆನೆದಿರಬೇಕು. ದ್ಯಾಮವ್ವ ಯಾಕೆ ಹಾಗೆ ಮಾಡಿದಳೋ, ಆ ಹುಲ್ಲನ್ನು ಕಿತ್ತು ಕಟ್ಟೆಯ ಮೇಲಿನ ಹಣತೆಗೆ ಹಿಡಿದಳು. ಭುಗ್ಗೆಂದು ಉರಿ ಅವಳ ಮುಖದ ತನಕ ಎದ್ದಿತು. ಚೀರಿ ಕೈಬಿಟ್ಟಳು. ಹುಲ್ಲು ಅಂಗಳದಲ್ಲಿ ಬಿದ್ದು ಉರಿದು ಬೂದಿಯಾಯಿತು.

ಗಂಡನ ಮಾತು ಕೇಳಿದ್ದರೆ ತಮ್ಮ ಆ ಕೋಳಿಯ ಹಾಗೆ ಬರುತ್ತಿದ್ದ. ತನ್ನ ಮಾತು ನಡೆದಿದ್ದರೆ ಆ ಹುಲ್ಲಿನ ಹಾಗೆ ಮೂವರೂ ಉರಿದುಹೋಗುತ್ತಿದ್ದರು. ದ್ಯಾಮವ್ವ ನೆಲಕ್ಕೆ ಕುಸಿದು ಬಾಯಿಗೆ ಸೆರಗು ತುರುಕಿಕೊಂಡು ಅತ್ತಳು.

ಗುತ್ತೆಪ್ಪ ಮೈಲಪ್ಪನ ಸೊಂಟದ ಗಂಟು ಬಿಚ್ಚಲು ಹೋದ. ಗಂಟು ಬಿಚ್ಚಿಕೊಳ್ಳಲಿಲ್ಲ. ಎಳೆದಷ್ಟೂ ಬಿಗಿಯಾಯಿತು. "ಬಿಡು ಭಾವ, ನಾನು ಬಿಚ್ಕೋತೀನಿ" ಎಂದ ಮೈಲಪ್ಪ, ಈಗ ಅವನ ಮುಖದಲ್ಲೂ ನಗುವಿರಲಿಲ್ಲ. ಅವನಿಂದಲೂ ಆಗಲಿಲ್ಲ. ಕೊನೆಗೆ ದ್ಯಾಮವ್ವ ಎದ್ದು ಕುಡುಗೋಲು ತಂದು ಹಗ್ಗವನ್ನು ಕತ್ತರಿಸಿದಳು. ಮೈಲಪ್ಪನ ಹೊಟ್ಟೆಯ ಮೇಲೆ ಕೆಂಪಗೆ ಬರೆ ಎದ್ದಿತ್ತು. ಅವಳು ಅದರ ಮೇಲೆ ಕೈಯಾಡಿಸಿದಳು. ಬೈದಿದ್ದರೆ ಗುತ್ತೆಪ್ಪನಿಗೆ ಎಷ್ಟೋ ಹಗುರಾಗುತ್ತಿತ್ತು.

ಎಣ್ಣೆ ಒಳಗೇ ಉಳಿಯಿತು. ಹಗೇವಿನ ಬಾಯಿಗೆ ಕಲ್ಲು ಮಣ್ಣು ತುಂಬಿದರು. ವಾಸನೆ ಓಣಿಗೆಲ್ಲ ಗೊತ್ತಾಯಿತು, ಜನ ನಾಲ್ಕು ದಿನ ನಕ್ಕು ಸುಮ್ಮನಾದರು. ಪೊಲೀಸರು ಬರಲೇ ಇಲ್ಲ.

ಬೇಸಿಗೆಯಲ್ಲಿ ಆ ದೂರದ ಕಾಲುವೆ ಮತ್ತೆ ತೆರೆಯಿತಂತೆ. ಯಾಕೆ ಮುಚ್ಚಿದರು, ಯಾಕೆ ತೆರೆದರು, ಗುತ್ತೆಪ್ಪನಿಗೆ ಎರಡೂ ತಿಳಿಯಲಿಲ್ಲ. ರಾಮಚಂದ್ರಪ್ಪನ ಅಂಗಡಿಯಲ್ಲಿ ಡಬ್ಬಗಳು ಬಂದು ಕೂತವು. ಹೋಟೆಲಿನಲ್ಲಿ ಕರೆಂಟನ್ನು ಹೊಗಳಿದ್ದ ಮುದುಕನೇ, "ಎಂಜಿನ್ನೇ ವಾಸಿ ಕಣೋ, ನಮ್ಮ ಕೈಯಾಗಿರ್ತೈತೆ" ಎಂದ. ಗುತ್ತೆಪ್ಪನಿಗೆ ಅದೂ ಸರಿ ಎನಿಸಿತು. ಆದರೂ ಎದ್ದು ಕರೆಂಟಾಫೀಸಿಗೆ ನಡೆದ.

"ಈಗ್ಯಾಕಯ್ಯ ಬಂದೆ?" ಎಂದ ಅದೇ ಗುಮಾಸ್ತ. "ಎಣ್ಣೆ ಸಿಗ್ತೈತಲ್ಲ. ರುಜು ಹಾಕ್ತೀನಿ ಅಂದಿದ್ದೋರೆಲ್ಲ ಹಿಂದೆ ಸರೀತಿದಾರೆ."

"ಒಂದು ಮಾತು ಕೇಳ್ತೀನಿ ಸ್ವಾಮಿ. ಈ ಕರೆಂಟನ್ನ ತಂದು ಮನಿಯಾಗೆ ಕೂಡಿಡಾಕೆ ಬರ್ತೈತಾ?"

ಗುಮಾಸ್ತ ನಕ್ಕುಬಿಟ್ಟ. "ಅದೇನು ಜೋಳ ಅಂದ್ಕಂಡ್ಯಾ? ಬಂದಾಗ ಬಳಸಬೇಕು, ಹೋದಾಗ ಸುಮ್ನೆ ಕೂಡ್ರಬೇಕು."

"ನೆಲದಾಗೆ ಹೂಳಿಡಾಕೂ ಬರಲ್ವಾ?"

"ಬರಲ್ಲ ಕಣಯ್ಯ."

ಗುತ್ತೆಪ್ಪ ಬೇರೆ ಯಾರನ್ನೂ ಕೇಳಲು ಎದ್ದು ಹೋಗಲಿಲ್ಲ. ಕುರ್ಚಿಯನ್ನು ಮೇಜಿನ ಹತ್ತಿರಕ್ಕೆ ಎಳೆದುಕೊಂಡ.

"ಹಂಗಾರೆ ಕೊಡ್ರಿ ಕಾಗದ. ಎಲ್ಲಿ ರುಜು ಹಾಕಬೇಕು ತೋರಿಸ್ರಿ."