ಬಲಗಡೆ ಹಿಡಿಕೆಯ ರೀಲು

"ಯಾವ ಕೈಲಿ ಎಸೀತೀರಿ?" ಗಾಳದ ಸಾಮಾನಿನ ಅಂಗಡಿಯಾಕೆ ಕೇಳಿದಳು.

ಮುನಿ ಬಲಗೈಯನ್ನು ಪ್ಯಾಂಟಿನ ಜೇಬಿನಿಂದ ತೆಗೆದು ಗಾಜಿನ ಕೌಂಟರಿನ ಮೇಲಿಟ್ಟ. ನಾಲ್ಕು ಬೆರಳು, ಹೆಬ್ಬೆರಳು ಇರಬೇಕಾದ ಕಡೆ ಇನ್ನೂ ಹೊಳೆಯುತ್ತಿದ್ದ ಹೊಸ ಚರ್ಮ. ಆಕೆ ಕನ್ನಡಕ ಮೂಗಿನ ಮೇಲೇರಿಸಿ ನೋಡಿದಳು. ಅಯ್ಯೋ ಪಾಪ ಅನ್ನಲಿಲ್ಲ, ಅದೇ ದೊಡ್ಡ ಪುಣ್ಯ. ಎರಡು ತಿಂಗಳಿಂದ ಅಯ್ಯೋ ಪಾಪ ಕೇಳಿ ಕೇಳಿ ಮುನಿಗೆ ಸಾಕಾಗಿ ಹೋಗಿತ್ತು. ಪಕ್ಕದಲ್ಲಿದ್ದ ಗೆಳೆಯ ಗಡಿಬಿಡಿ ಮಾತ್ರ, ಗೋಡೆಗೆ ನೇತುಹಾಕಿದ್ದ ರಬ್ಬರ್ ಮೀನುಗಳನ್ನು ಹುಟ್ಟಿದಾರಭ್ಯ ಮೀನೇ ಕಂಡಿಲ್ಲದವನ ಹಾಗೆ ದಿಟ್ಟಿಸತೊಡಗಿದ.

"ಇಷ್ಟು ದಿನ ಬಲಗೈ. ಇನ್ಮೇಲೆ ಎಡಗೈ," ಅಂದ ಮುನಿ.

ಮುನಿ ಅನ್ನುವುದು ಕಾರ್ಖಾನೆಯವರು ಇಟ್ಟ ಹೆಸರು. ಗಾಳ ಹಾಕಿ ಕೆರೆ ದಡದಲ್ಲಿ ಕೂತನೆಂದರೆ ಮೂರು ನಾಲ್ಕು ಗಂಟೆ ತುಟಿ ಬಿಚ್ಚದ ಆಸಾಮಿ. ಗಡಿಬಿಡಿ ಅನ್ನುವುದು ಅಲ್ಲಿಯ ಪ್ರೆಸ್ ವಿಭಾಗದ ಸೂಪರ್‌ವೈಸರಿಗೆ ಇಟ್ಟ ಹೆಸರು. ಊಟದ ಡಬ್ಬಿಯನ್ನೂ ನಿಂತುಕೊಂಡೇ ಖಾಲಿ ಮಾಡುವ ಜೀವ ಅದು. ಇಬ್ಬರೂ ಹದಿನೇಳು ವರ್ಷದ ಹಿಂದೆ ಒಂದೇ ವಾರ ಕೆಲಸಕ್ಕೆ ಸೇರಿದವರು. ಒಬ್ಬ ಮೇಲೇರಿದ, ಇನ್ನೊಬ್ಬ ಮೆಷೀನಿನ ಮುಂದೆಯೇ ಉಳಿದ. ಆದರೂ ಭಾನುವಾರ ಬಂತೆಂದರೆ ಒಟ್ಟಿಗೇ ಕೆರೆಗೆ ಹೋಗುತ್ತಿದ್ದರು. ಮಾತಾಡುವುದು ಗಡಿಬಿಡಿಯ ಕೆಲಸ, ಮೀನು ಹಿಡಿಯುವುದು ಮುನಿಯ ಕೆಲಸ.

ಹೆಬ್ಬೆರಳು ಹೋದ ಕಥೆ ಹೇಳಲು ಎರಡು ನಿಮಿಷ ಸಾಕು. ಮುನಿಯ ಪ್ರೆಸ್ಸು ತಗಡು ಒತ್ತಿ ಬಾಗಿಲಿನ ಕೀಲು ಮಾಡುವಂಥದ್ದು. ಅದರ ಮುಂದೆ ಒಂದು ಜಾಲರಿ ಗಾರ್ಡು. ಕೈ ಒಳಗಿರುವಾಗ ಮೆಷೀನು ಕೆಳಗಿಳಿಯದ ಹಾಗೆ ತಡೆಯುವುದು ಅದರ ಕೆಲಸ. ಆ ವಾರ ಕೀಲುಗಳ ಆರ್ಡರು ತಡವಾಗಿತ್ತು. ಗಾರ್ಡು ಎತ್ತಿ ಇಳಿಸುವುದರಲ್ಲೇ ಹೊತ್ತು ಹೋಗುತ್ತದೆ ಎಂದು ಗಡಿಬಿಡಿ ತಾನೇ ಸ್ಪ್ಯಾನರ್ ಹಿಡಿದು ಅದನ್ನು ಬಿಚ್ಚಿ ಗೋಡೆಗೆ ಒರಗಿಸಿದ. ಇವತ್ತೊಂದಿನ ಕಣೋ, ಸಾಯಂಕಾಲ ವಾಪಸ್ ಹಾಕ್ತೀನಿ ಅಂದ. ಸಾಯಂಕಾಲದವರೆಗೆ ಮೆಷೀನು ಎಲ್ಲಿ ಕಾಯುತ್ತದೆ? ಹನ್ನೊಂದು ಗಂಟೆಗೆ ಬೆರಳು ಹೋಯಿತು. ಕೀಲುಗಳು ಮಾತ್ರ ಹೇಳಿದ ದಿನಕ್ಕೆ ಸರಿಯಾಗಿ ರವಾನೆಯಾದವು.

ಈ ಬಗ್ಗೆ ವಿಚಾರಣೆ ನಡೆಯುತ್ತಿತ್ತು. ಸೋಮವಾರ ಕಾರ್ಖಾನೆಗೆ ಬರಬೇಕಿದ್ದ ಸರ್ಕಾರದ ಇನ್‌ಸ್ಪೆಕ್ಟರು, ಮನೆ ದಾರಿಯಲ್ಲೇ ಸಿಕ್ಕಿತೆಂದು ನಿನ್ನೆ, ಶುಕ್ರವಾರ ಮಧ್ಯಾಹ್ನವೇ ಮುನಿಯ ಮನೆಗೆ ಬಂದು ಕೂತಿದ್ದರು. ಗಾರ್ಡು ಬಿಚ್ಚಿದ್ದು ಯಾರು ಎಂದು ಕೇಳಿದರು. ನಾನೇ ಬಿಚ್ಚಿದ್ದು ಸಾರ್, ಕೆಲಸ ಬೇಗ ಆಗಲಿ ಅಂತ ಎಂದ ಮುನಿ. ಅವರು ಪೆನ್ನು ಕೆಳಗಿಟ್ಟು ಎರಡೆರಡು ಸಲ ಬಿಡಿಸಿ ಹೇಳಿದರು: ಹಾಗೆ ಬರೆದುಕೊಂಡರೆ ತಪ್ಪು ನಿಮ್ಮದಾಗುತ್ತದೆ, ಪರಿಹಾರ ಅರ್ಧಕ್ಕರ್ಧ ಇಳಿಯುತ್ತದೆ, ಕಾರ್ಖಾನೆಯಲ್ಲಿ ಬೇರೆ ಕೆಲಸ ಕೊಡಿ ಅಂತ ಕೇಳುವ ಹಕ್ಕೂ ಇರುವುದಿಲ್ಲ, ಯೋಚಿಸಿ ಹೇಳಿ. ಮುನಿ ಯೋಚಿಸಿಯೇ ಹೇಳಿದ್ದ. ರಕ್ತ ಸುರಿಯುವ ಕೈಯನ್ನು ತನ್ನ ಅಂಗಿಯಲ್ಲಿ ಸುತ್ತಿ, ತನ್ನನ್ನು ಎತ್ತಿಕೊಂಡೇ ಓಡಿದ ಗಡಿಬಿಡಿಯ ಮುಖ ಅವನ ಕಣ್ಣಿನಿಂದ ಹೋಗಿರಲಿಲ್ಲ. ಎಡಗೈಯಲ್ಲಿ ಸೊಟ್ಟಗೆ ಸಹಿ ಹಾಕಿಕೊಟ್ಟ.

ಅಡುಗೆಮನೆಯ ಬಾಗಿಲಲ್ಲಿ ನಿಂತಿದ್ದ ಹೆಂಡತಿ ಎಲ್ಲವನ್ನೂ ಕೇಳಿಸಿಕೊಂಡಳು. ಇನ್‌ಸ್ಪೆಕ್ಟರು ಹೋದಮೇಲೆ ಅವಳು ಕೂಗಾಡಿದ್ದರೆ ವಾಸಿಯಿತ್ತು. ಲೋಟ ತೊಳೆದಿಟ್ಟಳು, ಒಣಗಿದ ಬಟ್ಟೆ ಮಡಚಿದಳು, ಆಮೇಲೆ ಒಂದೇ ಒಂದು ಪ್ರಶ್ನೆ ಕೇಳಿದಳು.

"ಹೀಗೆ ಹೇಳು ಅಂತ ನಿಮ್ಮ ಗೆಳೆಯರು ಬಂದು ಕೇಳ್ಕೊಂಡ್ರಾ?"

"ಇಲ್ಲ. ಅವನು ಕೇಳೋ ಪೈಕಿ ಅಲ್ಲ," ಎಂದಿದ್ದ ಮುನಿ. ಹೇಳುವಾಗ ಅವನಿಗೆ ಒಂಥರಾ ಹೆಮ್ಮೆಯೇ ಆಗಿತ್ತು. ಕೈ ಹೋದರೂ ಮನುಷ್ಯನನ್ನು ಕಳೆದುಕೊಂಡಿಲ್ಲ ಎಂಬ ಹೆಮ್ಮೆ. ಭಾನುವಾರ ಕೆರೆಯ ಹತ್ತಿರ, ಮಾತಿನ ಮಧ್ಯೆ, ದೊಡ್ಡ ವಿಷಯವೇ ಅಲ್ಲ ಎಂಬಂತೆ ಗಡಿಬಿಡಿಗೆ ತಿಳಿಸಬೇಕು ಅಂದುಕೊಂಡಿದ್ದ.

ಅಷ್ಟರಲ್ಲಿ ಶನಿವಾರ ಬೆಳಿಗ್ಗೆಯೇ ಗಡಿಬಿಡಿಯ ಫೋನು ಬಂತು. ಬಾ, ನಿನಗೊಂದು ಹೊಸ ರೀಲು ಕೊಡಿಸ್ತೀನಿ, ಹಳೇದು ಇನ್ನು ನಿನ್ನ ಕೈಗೆ ಆಗಲ್ಲ ಅಲ್ವಾ ಅಂದ. ನಿಜ, ಹಳೆಯ ರೀಲಿಗೆ ಹಿಡಿಕೆ ಎಡಗಡೆ. ಬಲಗೈಯಲ್ಲಿ ಎಸೆದು ಎಡಗೈಯಲ್ಲಿ ದಾರ ಸುತ್ತುವುದು. ಈಗ ಅದು ತಿರುವುಮುರುವಾಗಬೇಕು. ಇಷ್ಟೆಲ್ಲ ಅವನು ಯೋಚಿಸಿದ್ದಾನಲ್ಲ ಎಂದುಕೊಳ್ಳುತ್ತ ಮುನಿ ಇಸ್ತ್ರಿ ಮಾಡಿದ ಅಂಗಿ ಹಾಕಿಕೊಂಡ. ನೋಡಿದ್ಯಾ ಎಂಬಂತೆ ಹೆಂಡತಿಯ ಕಡೆ ಒಮ್ಮೆ ತಿರುಗಿ ನೋಡಿಯೇ ಹೊರಟ.

ಅಂಗಡಿಯಾಕೆ, ಓಡುವ ದಾರವನ್ನು ಹೆಬ್ಬೆರಳಿನಿಂದ ಒತ್ತಿ ತಡೆಯುವಂಥ ಮೂರು ಬೇಟ್‌ಕಾಸ್ಟಿಂಗ್ ರೀಲುಗಳನ್ನು ತಂದು ಸಾಲಾಗಿ ಇಟ್ಟಳು. ಮೂರಕ್ಕೂ ಹಿಡಿಕೆ ಬಲಗಡೆ. ಮೊದಲನೆಯದು ಎಲ್ಲಕ್ಕಿಂತ ಅಗ್ಗ, ಕೆಂಪು ಬಂಗಾರದ ಬಣ್ಣ, ಮದುಮಗನ ಹಾಗೆ ಮಿಂಚುತ್ತಿತ್ತು. ಪೆಟ್ಟಿಗೆಯ ಮೇಲೆ ಹನ್ನೆರಡು ಬೇರಿಂಗು ಅಂತ ದೊಡ್ಡದಾಗಿ ಬರೆದಿತ್ತು. ಆಕೆ ಅದನ್ನು ಮುನಿಯ ಕಿವಿಯ ಹತ್ತಿರ ಅಲ್ಲಾಡಿಸಿದಳು. ಒಳಗೆ ಕಟಕಟ. ಹಲ್ಲುಚಕ್ರ ಪ್ಲಾಸ್ಟಿಕ್ಕು, ದೊಡ್ಡ ಮೀನು ಒಂದು ಎಳೆದರೆ ಮುಗಿಯಿತು, ಮಾರುವವಳು ನಾನೇ ಹೇಳ್ತಿದೀನಿ ಅಂದಳು. ಮೂರನೆಯದು ಅಂಗೈಯಲ್ಲಿಟ್ಟರೆ ಇದೆಯೋ ಇಲ್ಲವೋ ಅನ್ನುವಷ್ಟು ಹಗುರ, ಬೆಲೆ ಮಾತ್ರ ಭಾರ. ಅದು ಪಂದ್ಯಕ್ಕೆ ಹೋಗೋರಿಗೆ, ನಿಮಗ್ಯಾಕೆ ಎಂದು ಪಕ್ಕಕ್ಕೆ ಸರಿಸಿದಳು.

ನಡುವಿನದು ಮಂಕು ಕಪ್ಪು ಬಣ್ಣದ್ದು. ಬೇರಿಂಗು ಐದೇ, ಆದರೆ ಒಳಗೆ ಹಿತ್ತಾಳೆಯ ಹಲ್ಲುಚಕ್ರ. ಎಡಮಗ್ಗುಲಲ್ಲಿ ಬ್ರೇಕು ಬಿಗಿ ಮಾಡುವ ಗುಂಡಿ. ಸಣ್ಣ ಮೀನಿಗೂ ಸೈ, ದೊಡ್ಡದಕ್ಕೂ ಸೈ, ಕೆರೆಗೂ ಆದೀತು ಹೊಳೆಗೂ ಆದೀತು, ಒಂದೇ ರೀಲು ಇಟ್ಟುಕೊಳ್ಳೋರಿಗೆ ಇದೇ ಸರಿ ಎಂದು ಆಕೆ ಅದನ್ನು ಅವನ ಕೈಗಿಟ್ಟಳು. ಬಲಗೈಯಲ್ಲಿ ಸುತ್ತಲು ಹೆಬ್ಬೆರಳಿಲ್ಲವಲ್ಲ ಎಂದು, ಹಿಡಿಕೆಯ ಚಪ್ಪಟೆ ತುದಿ ಬಿಚ್ಚಿ ನಿಂಬೆಹಣ್ಣಿನಷ್ಟು ದಪ್ಪದ ಗುಂಡನೆಯ ತುದಿ ಹಾಕಿದಳು. ಎರಡು ಬೆರಳ ಸಂದಿಯಲ್ಲಿ ಅದು ಸರಿಯಾಗಿ ಕೂತಿತು.

ಗಡಿಬಿಡಿ ಬೆಲೆಯ ಚೀಟಿ ಬಗ್ಗಿ ನೋಡಿದ. ಆಮೇಲೆ ಸ್ಪಿನ್ನಿಂಗ್ ರೀಲುಗಳ ಕಡೆ ಬೊಟ್ಟು ಮಾಡಿ, ಅವಾದರೆ ಇನ್ನೂ ಸಲೀಸು, ಹೆಬ್ಬೆರಳಿನ ಗೋಜೇ ಇಲ್ಲ ಅಂದ. ಅಂದಮೇಲೆ ನಾಲಿಗೆ ಕಚ್ಚಿಕೊಂಡ. ಮುನಿ ಬೇಸರಪಡಲಿಲ್ಲ. ದಾರ ಓಡುವುದು ಬೆರಳಿಗೆ ಗೊತ್ತಾಗಬೇಕು, ಇಲ್ಲದಿದ್ದರೆ ಗಾಳ ಹಾಕಿದ ಹಾಗೇ ಅಲ್ಲ ಎಂದಷ್ಟೇ ಹೇಳಿದ.

ಆಕೆ ರೀಲನ್ನು ಒಂದು ಕೋಲಿಗೆ ಸಿಕ್ಕಿಸಿ, ಗಾಳದ ಬದಲು ಸೀಸದ ಗುಂಡು ಕಟ್ಟಿ, ಅಂಗಡಿಯ ಹಿಂದಿನ ಓಣಿಗೆ ಕರೆದೊಯ್ದಳು. ಇಪ್ಪತ್ತು ಹೆಜ್ಜೆ ದೂರದಲ್ಲಿ ಒಂದು ತಗಡಿನ ಬಕೆಟ್ಟಿತ್ತು. ಮುನಿ ಎಡಗೈಯಲ್ಲಿ ಬೀಸಿದ. ಗುಂಡು ಕಾಲಬುಡದಲ್ಲೇ ಬಿತ್ತು. ರೀಲಿನೊಳಗೆ ದಾರ ಉಬ್ಬಿ ಕಾಗೆಗೂಡಾಯಿತು. ಹದಿನೇಳು ವರ್ಷ ಮರೆತುಹೋಗಿದ್ದ ಗಂಟು ಅದು. ಗಡಿಬಿಡಿಗೆ ನಗು ಬಂತು. ಆಕೆ ಸಿಕ್ಕು ಬಿಡಿಸಿ, ಬ್ರೇಕು ಬಿಗಿ ಮಾಡಿ, ಗುಂಡು ನೆಲ ಮುಟ್ಟುವ ಮೊದಲೇ ಬೆರಳು ಒತ್ತಬೇಕು ಅಂದಳು. ಎರಡನೆಯದು ಗೋಡೆಗೆ ಹೋಯಿತು. ಮೂರನೆಯದು ಚರಂಡಿಗೆ. ನಾಲ್ಕನೇ ಸಲ ದಾರ ಎಡ ಹೆಬ್ಬೆರಳಿನ ಕೆಳಗೆ ಸರ್ರನೆ ಓಡಿತು. ಎಲ್ಲಿ ಒತ್ತಬೇಕೋ ಅಲ್ಲಿ ಬೆರಳು ತಾನಾಗಿ ಒತ್ತಿತು. ಗುಂಡು ಬಕೆಟ್ಟಿನ ಅಂಚಿಗೆ ಟಣ್ ಅಂತ ಬಡಿದು ಒಳಗೆ ಬಿತ್ತು.

ಮುನಿ ನಕ್ಕ. ಎರಡು ತಿಂಗಳಲ್ಲಿ ಅದೇ ಮೊದಲು. ಇನ್ನು ಹತ್ತು ವರ್ಷ ಈ ಕೈ ಸಾಕು ಅನ್ನಿಸಿತು ಅವನಿಗೆ. ಈಗಲೇ ಹೇಳಿಬಿಡೋಣ, ಭಾನುವಾರದವರೆಗೆ ಯಾಕೆ ಕಾಯಬೇಕು, ಇವನ ಮನಸ್ಸೂ ಹಗುರಾಗಲಿ ಎಂದು ಬಾಯಿ ತೆರೆಯುವಷ್ಟರಲ್ಲಿ, ಯಾರೋ ಕರೆದರೆಂದು ಅಂಗಡಿಯಾಕೆ ಒಳಗೆ ಹೋದಳು. ಗಡಿಬಿಡಿ ಹತ್ತಿರ ಬಂದು ಹೆಗಲ ಮೇಲೆ ಕೈ ಹಾಕಿದ.

"ನೋಡಿದ್ಯಾ? ಎಡಗೈಲೂ ಅದೇ ಎಸೆತ. ಏನೂ ಹೋಗಿಲ್ಲ ಕಣೋ ನಿಂದು." ಸ್ವಲ್ಪ ತಡೆದು ದನಿ ತಗ್ಗಿಸಿದ. "ಸೋಮವಾರ ಇನ್‌ಸ್ಪೆಕ್ಟರ್ ಬರ್ತಾರೆ. ಗಾರ್ಡ್ ನೀನೇ ಬಿಚ್ಚಿದ್ದು ಅಂತ ಒಂದು ಮಾತು ಹೇಳಿಬಿಡು. ಆಗಿದ್ದು ಆಗೋಯ್ತು, ಹೊಟ್ಟೆಗೆ ಹಾಕ್ಕೋ. ನನ್ನ ಕೆಲಸ ಹೋದ್ರೆ ನಿನ್ನ ಬೆರಳೇನೂ ವಾಪಸ್ ಬರಲ್ಲ ಅಲ್ವಾ? ಈ ರೀಲು ಅದಕ್ಕೇ ಅಂದ್ಕೋ."

ಮುನಿ ದಾರ ಸುತ್ತುತ್ತಲೇ ಇದ್ದ. ಖಾಲಿ ಬಕೆಟ್ಟಿನಿಂದ ಗುಂಡು ಎದ್ದು ನೆಲದ ಮೇಲೆ ಕುಪ್ಪಳಿಸುತ್ತ ಅವನ ಕಡೆ ಬಂತು. ಅವನಿಗೆ ಸಿಟ್ಟು ಬಂತು. ಕೇಳಿದ್ದಕ್ಕಲ್ಲ. ಹೆದರಿದವನು ಕೇಳುತ್ತಾನೆ, ಅದರಲ್ಲೇನಿದೆ. ಬರಿಗೈಯಲ್ಲಿ ಬಂದು ಕೇಳಿದ್ದರೆ, ಕೈ ಹಿಡಿದು ಅತ್ತಿದ್ದರೂ ಸರಿಯಿತ್ತು. ಇವನು ಅಂಗಡಿಗೆ ಕರೆದುಕೊಂಡು ಬಂದಿದ್ದ. ತಾನು ನಿನ್ನೆ ಬಿಟ್ಟಿಯಾಗಿ, ಪ್ರೀತಿಯಿಂದ ಕೊಟ್ಟದ್ದಕ್ಕೆ ಇವತ್ತು ಬೆಲೆಯ ಚೀಟಿ ಅಂಟಿತ್ತು. ಬಿಟ್ಟಿಯಾಗಿ ಕೊಟ್ಟೆ ಎಂದು ಇನ್ನು ಯಾರ ಮುಂದೆ ಹೇಳಿದರೂ ನಂಬುವವರಿಲ್ಲ. ಹೆಂಡತಿಯಂತೂ ಮೊದಲೇ ನಂಬಿರಲಿಲ್ಲ.

"ಯಾವ ರೀಲು?" ಎಂದು ಕೇಳಿದ.

"ನಿನಗೆ ಯಾವುದು ಬೇಕೋ ಅದು."

"ಹಾಗಾದ್ರೆ ಮೂರನೇದು."

ಗಡಿಬಿಡಿಯ ಕೈ ಹೆಗಲಿನಿಂದ ಇಳಿಯಿತು. ಆಕೆಯೇ ಬೇಡ ಅಂದಳಲ್ಲ ಎಂದ. ಅಷ್ಟು ಹಗುರದ್ದು ಬೇಗ ಕೆಡುತ್ತದೆ ಎಂದ. ಈ ತಿಂಗಳು ಸ್ವಲ್ಪ ಕೈ ಕಚ್ಚುತ್ತದೆ ಎಂದ. ಕೊನೆಗೆ, ಮೊದಲನೆಯದು ನೋಡಲು ಇನ್ನೂ ಚೆನ್ನಾಗಿದೆಯಪ್ಪ, ಪ್ಲಾಸ್ಟಿಕ್ಕಾದರೇನು, ಭಾನುವಾರಕ್ಕೊಂದು ಸಲ ಎಸೆಯುವುದಕ್ಕೆ ಸಾಲದೇ ಎಂದ. ಅವನು ತಮಾಷೆ ಮಾಡುತ್ತಿಲ್ಲ ಎಂದು ಖಾತ್ರಿಯಾಗುವವರೆಗೆ ಮುನಿ ಅವನ ಮುಖವನ್ನೇ ನೋಡಿದ. ಹದಿನೇಳು ವರ್ಷ ನೀರನ್ನು ನೋಡಿದ್ದೇ ಹೆಚ್ಚು, ಈ ಮುಖವನ್ನು ಇಷ್ಟು ಹೊತ್ತು ನೋಡಿರಲಿಲ್ಲ.

"ನಡುವಿನದೇ ಸಾಕು," ಅಂದ.

ಒಳಗೆ ಗಡಿಬಿಡಿ ಬಹಳ ಹೊತ್ತು ಚೌಕಾಸಿ ಮಾಡಿದ. ದಪ್ಪ ತುದಿಗೆ ಬೇರೆ ದುಡ್ಡು ಯಾಕೆ, ಒಂದು ಉಂಡೆ ದಾರ ಸುಮ್ಮನೆ ಕೊಡಬಾರದಾ ಎಂದು ಆಕೆಯ ತಲೆ ತಿಂದ. ಮುನಿ ಅಷ್ಟು ಹೊತ್ತೂ ಬಾಗಿಲಲ್ಲಿ ನಿಂತು ರಸ್ತೆ ನೋಡುತ್ತಿದ್ದ. ಹೇಳದೇ ಇದ್ದುಬಿಡಬಹುದು, ಸೋಮವಾರದವರೆಗೆ ಇವನು ಒದ್ದಾಡಲಿ ಅನ್ನಿಸಿತು. ಆದರೆ ಅದೂ ಸಾಧ್ಯವಾಗಲಿಲ್ಲ. ಇಷ್ಟಾದಮೇಲೂ ಅವನಿಗೊಂದು ಆಸೆಯಿತ್ತು. ನಿಜ ಗೊತ್ತಾದರೆ ಇವನಿಗೆ ನಾಚಿಕೆಯಾದರೂ ಆದೀತು, ಆ ನಾಚಿಕೆಯೊಂದನ್ನು ಕಂಡರೂ ಸಾಕು ಎಂಬ ಆಸೆ.

ಹೊರಗೆ ಸ್ಕೂಟರಿನ ಹತ್ತಿರ ಬಂದಾಗ ಹೇಳಿದ. "ನಿನ್ನೆನೇ ಬಂದಿದ್ರು ಇನ್‌ಸ್ಪೆಕ್ಟರು, ಮನೆಗೆ. ನಾನೇ ಬಿಚ್ಚಿದ್ದು ಅಂತ ಹೇಳಿ ಆಯ್ತು."

ಗಡಿಬಿಡಿ ಪಿಳಿಪಿಳಿ ಕಣ್ಣು ಬಿಟ್ಟ. "ನಿನ್ನೆನಾ? ಬರ್ಕೊಂಡ್ರಾ? ಸಹಿನೂ ಆಯ್ತಾ?"

"ಆಯ್ತು."

ಅವನು ಉಸಿರು ಬಿಟ್ಟ ರೀತಿಗೆ ಎರಡು ತಿಂಗಳಿಂದ ಉಸಿರೇ ಆಡಿರಲಿಲ್ಲವೇನೋ ಅನ್ನಬೇಕು. ಕಣ್ಣಲ್ಲಿ ನೀರು ಬಂತು, ಅದು ಸುಳ್ಳಿನ ನೀರಲ್ಲ. ಮುನಿಯ ಎರಡು ಭುಜ ಹಿಡಿದು ಅಲ್ಲಾಡಿಸಿದ. ಯಾಕೆ ಹಾಗೆ ಹೇಳಿದೆ ಎಂದು ಮಾತ್ರ ಕೇಳಲಿಲ್ಲ. ಆಮೇಲೆ ಅವನ ಕಣ್ಣು ತನ್ನ ಕೈಯಲ್ಲಿದ್ದ ರೀಲಿನ ಚೀಲದ ಮೇಲೆ ಬಿತ್ತು. ಅಲ್ಲಿಂದ ಅಂಗಡಿಯ ಬಾಗಿಲಿಗೆ ಹೋಯಿತು. ಮಾರಿದ ಮಾಲು ವಾಪಸ್ ಪಡೆಯುವುದಿಲ್ಲ ಎಂಬ ಬೋರ್ಡು ಅಲ್ಲಿತ್ತು. ಅವನು ಅದನ್ನು ಪೂರ್ತಿ ಓದಿದ.

"ಅಂಗಡಿಗೆ ಬರೋಕೆ ಮುಂಚೆನೇ ಹೇಳೋದಲ್ವೇನೋ," ಎಂದ.

ಎಂದವನು ತಾನೇ ಗಟ್ಟಿಯಾಗಿ ನಕ್ಕ, ತಮಾಷೆಗೆ ಅಂದೆ ಕಣೋ ಎಂದ. ಮ್ಯಾನೇಜರಿಗೆ ಈಗಲೇ ತಿಳಿಸಬೇಕು, ಅವರೂ ಊಟ ನಿದ್ದೆ ಬಿಟ್ಟು ಕೂತಿದ್ದಾರೆ ಎಂದು ಚೀಲವನ್ನು ಸ್ಕೂಟರಿನ ಮುಂದಿನ ಕೊಕ್ಕೆಗೆ ಸಿಕ್ಕಿಸಿದ. ಹತ್ತು, ಮನೆಗೆ ಬಿಡ್ತೀನಿ ಅನ್ನಲಿಲ್ಲ. ನಾಳೆ ಕೆರೆಗೆ ಬರ್ತೀಯ ತಾನೇ ಎಂದ, ಉತ್ತರಕ್ಕೆ ಕಾಯದೆ ಹೊರಟೇಬಿಟ್ಟ.

ಮೂಲೆಯ ಸಿಗ್ನಲ್ಲು ಕೆಂಪಾಯಿತು. ಗಡಿಬಿಡಿ ನಿಲ್ಲಬೇಕಾಯಿತು. ಕೂಗಿದರೆ ಕೇಳುವಷ್ಟು ಹತ್ತಿರ. ಚೀಲ ಅವನ ಮೊಣಕಾಲಿಗೆ ತಾಗಿಕೊಂಡು ಅಲ್ಲಾಡುತ್ತಿತ್ತು, ಕಣ್ಣಿಗೆ ಬೀಳದಿರಲು ಸಾಧ್ಯವೇ ಇರಲಿಲ್ಲ. ಮುನಿ ಕೂಗಲಿಲ್ಲ. ಬೇಕಾದಷ್ಟು ಹೊತ್ತಿತ್ತು, ಅವನಾಗಿ ತಿರುಗಿ ನೋಡಲಿ ಎಂದು ಕಾದ.

ಹಿಂದಿನಿಂದ ಅಂಗಡಿಯಾಕೆ ಬಂದಳು. ಕೈಯಲ್ಲಿ ಗ್ಯಾರಂಟಿ ಕಾರ್ಡು, ಮೊಹರು ಒತ್ತಿ ತಾರೀಖು ಬರೆದಾಗಿತ್ತು. ಮರೆತೇ ಬಿಟ್ಟಿರಲ್ಲ, ಒಂದು ವರ್ಷದೊಳಗೆ ಏನೇ ಆದರೂ ಇದನ್ನು ತನ್ನಿ ಎಂದು, ಕಾರ್ಡನ್ನು ಅಂಗೈ ಮೇಲಿಟ್ಟುಕೊಂಡು ಪೆನ್ನಿನ ಮುಚ್ಚಳ ತೆಗೆದಳು.

"ಯಾರ ಹೆಸರಿಗೆ ಬರೀಲಿ?"

ಸಿಗ್ನಲ್ಲು ಹಸಿರಾಯಿತು, ಸ್ಕೂಟರು ಚೀಲದ ಸಮೇತ ಹೊರಟುಹೋಯಿತು. ಮುನಿ ರಸ್ತೆಯ ಕಡೆಯೇ ನೋಡುತ್ತಿದ್ದ. ಆಕೆ ಪೆನ್ನಿನ ತುದಿಯನ್ನು ಖಾಲಿ ಗೆರೆಯ ಮೇಲೆ ಹಿಡಿದುಕೊಂಡು ನಿಂತೇ ಇದ್ದಳು.